ಜೇನುಪೆಟ್ಟಿಗೆಯ ಹಂಗಾಮು ಮತ್ತು ಔಷಧ ಸಿಂಪಡಣೆಯ ಹೊತ್ತು

ಮಾನ್ಯ ಸಂಪಾದಕರೇ,

ಧಾರವಾಡದ ನಾವು ಕೆಲವು ಹವ್ಯಾಸಿ ಜೇನು ಸಾಕಣೆದಾರರು ಸಂಘ ಕಟ್ಟಿಕೊಂಡು, ವಸಂತ ಮತ್ತು ಬೇಸಿಗೆಯ ಹಂಗಾಮಿಗೆ ಸಿದ್ಧತೆ ನಡೆಸಿದ್ದೇವೆ. ಯುಗಾದಿಯ ಆಸುಪಾಸಿನಲ್ಲಿ ಹೊಂಗೆ, ಬೇವು ಹೂ ಬಿಡುವಾಗ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡಜೇನು) ಕುಟುಂಬಗಳು ಬಹುಬೇಗ ಬೆಳೆಯುತ್ತವೆ. ಆಗ ಎರಿಯ (ಗೂಡಿನ ಮೇಣದ ಹಲ್ಲೆಯ) ಕೆಳಅಂಚಿನಲ್ಲಿ ಹೊಸ ರಾಣಿಕೋಶಗಳು, ಅಂದರೆ ರಾಣಿನೊಣ ಬೆಳೆಯುವ ಕೋಣೆಗಳು, ಕಾಣಿಸಿಕೊಂಡರೆ ಕುಟುಂಬ ಪಾಲಾಗಿ ಹಾರಿಹೋಗುವ ಸಂಭವವಿರುವುದರಿಂದ, ವಾರಕ್ಕೊಮ್ಮೆ ಪೆಟ್ಟಿಗೆ ತೆರೆದು ನೋಡುವುದು ಮತ್ತು ಹಳೆಯ ಕಪ್ಪು ಎರಿಗಳನ್ನು ತೆಗೆದು, ಅವನ್ನು ಹಾಳುಮಾಡುವ ಮೇಣದ ಪತಂಗಕ್ಕೆ ಎಡೆಗೊಡದಿರುವುದು ಅಗತ್ಯ. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆಯನ್ನು ಬಹುಪಾಲು ನಾಶ ಮಾಡಿದ, ಮರಿಹುಳುಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗವನ್ನು ಕಂಡ ಹಿರಿಯರು ಇಂದಿಗೂ ಮರಿಹುಳುಗಳನ್ನು ಅನುಮಾನದಿಂದಲೇ ನೋಡುತ್ತಾರೆ. ಅದು ತಪ್ಪೂ ಅಲ್ಲ.

ನಮ್ಮ ಬಿಸಿಲಿಗೆ ಪೆಟ್ಟಿಗೆಗಳಿಗೆ ಮರದ ನೆರಳು ಬೇಕು, ಸಮೀಪದಲ್ಲಿ ನೀರು ಬೇಕು. ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ ನೀರು ತುಂಬಿಟ್ಟರೆ ಜೇನುನೊಣಗಳು ಮುಳುಗುವುದಿಲ್ಲ. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿಡಬೇಕು.

ಇಷ್ಟು ನಮ್ಮ ಕೈಯಲ್ಲಿರುವ ಕೆಲಸ. ಕೈಮೀರಿದ್ದು ಕೀಟನಾಶಕ. ಕಳೆದ ವರ್ಷ ಪಕ್ಕದ ಹೊಲದಲ್ಲಿ ನಡುಹಗಲಿನಲ್ಲಿ ಔಷಧ ಸಿಂಪಡಿಸಿದ ಮರುದಿನವೇ ನನ್ನ ಎರಡು ಪೆಟ್ಟಿಗೆಗಳ ಮುಂದೆ ಸತ್ತ ನೊಣಗಳು ರಾಶಿಯಾಗಿ ಬಿದ್ದಿದ್ದವು. ಪರಾಗಸ್ಪರ್ಶಕ್ಕೆ ಜೇನನ್ನೇ ನೆಚ್ಚಿರುವ ಸೂರ್ಯಕಾಂತಿಯನ್ನು ಬೆಳೆಯುವ ಗದಗ, ಧಾರವಾಡ ಜಿಲ್ಲೆಗಳ ರೈತರು ಹೂ ಬಿಟ್ಟಾಗ ಸಿಂಪಡಣೆ ಮಾಡದೆ, ಅನಿವಾರ್ಯವಾದರೆ ನೊಣಗಳು ಗೂಡು ಸೇರಿದ ಸಂಜೆ ಮಾಡಬೇಕು ಮತ್ತು ಹಿಂದಿನ ದಿನವೇ ನಮಗೆ ತಿಳಿಸಬೇಕು ಎಂದು ಕೋರುತ್ತೇವೆ. ಪೆಟ್ಟಿಗೆಯ ಬಾಗಿಲನ್ನು ಒಂದು ದಿನ ಮುಚ್ಚಿಡಲು ನಮಗೆ ಅಷ್ಟು ಸೂಚನೆ ಸಾಕು.

– ಒಬ್ಬ ಜೇನು ಸಾಕಣೆದಾರ, ಧಾರವಾಡ