ಇಲಿಯ ಹೋಟೆಲೂ ಅಪ್ಪನ ಮಂಗಳೂರು ಪ್ರಯಾಣವೂ

ಸ್ಯಾನ್ ಹೋಸೆ,
ಭಾನುವಾರ

ಅಮ್ಮಾ,

ನಮಸ್ಕಾರ. ನಾವೆಲ್ಲ ಕ್ಷೇಮ. ಅಕ್ಕ ಫೋಟೋ ಹೊಡೆದು ಕಳಿಸಿದ ನಿನ್ನ ಕಾಗದ ಓದಿದ ಮೇಲೆ ನಿದ್ದೆಯೇ ಬರಲಿಲ್ಲ. ತೋಟದಿಂದ ಮೇಲೆ ಬರುವಾಗ ಅಪ್ಪ ಏದುಸಿರು ಬಿಡುತ್ತಾ ಎರಡು ಕಡೆ ಕೂತರು ಅಂತ ಬರೆದಿದ್ದೀ. ಅದನ್ನು ಹಲಸಿನ ಹಪ್ಪಳದ ಸುದ್ದಿಯೆಲ್ಲ ಮುಗಿದ ಮೇಲೆ ಬರೆಯುವುದಾ?

ಪುಟ್ಟಿಯ ಸುದ್ದಿ ಕೇಳಿದ್ದಿ. ನಿನ್ನೆ ಅವಳ ಗೆಳತಿಯ ಹುಟ್ಟುಹಬ್ಬಕ್ಕೆ ಚಕ್ ಈ ಚೀಸ್ ಎಂಬ ಪಿಜ್ಜಾ ಹೋಟೆಲಿಗೆ ಹೋಗಿದ್ದೆವು. ಅದು ಅಲ್ಲಿನ ಇಲಿ ವೇಷದ ಹೆಸರು! ನಮ್ಮಲ್ಲಿ ಹೋಟೆಲಿನಲ್ಲಿ ಇಲಿ ಕಂಡರೆ ಎದ್ದು ಬರುತ್ತೇವೆ, ಇಲ್ಲಿ ಇಲಿ ನೋಡಲೆಂದೇ ಮಕ್ಕಳ ಸಾಲು. ಪಿಜ್ಜಾ ಸಾಧಾರಣ. ಆದರೆ ಈ ಹೋಟೆಲುಗಳಲ್ಲಿ ಮೊದಲನೆಯದು ಶುರುವಾದದ್ದು ನಮ್ಮ ಈ ಊರಲ್ಲೇ, 1977ರಲ್ಲಿ. ಅಟಾರಿ ಎಂಬ ವಿಡಿಯೋ ಗೇಮ್ ಕಂಪನಿಯ ನೋಲನ್ ಬುಶ್ನೆಲ್ ಮಾಡಿದ್ದು. ಪಿಜ್ಜಾ ಬೇಯುವ ತನಕ ಮಕ್ಕಳು ಸುಮ್ನೆ ಕೂರದೆ ಆಟದ ಮೆಷಿನಿಗೆ ಕಾಸು ಹಾಕಲಿ ಎಂಬ ಉಪಾಯ. ಪಕ್ಕಾ ವ್ಯಾಪಾರಿ!

ನನ್ನ ಆಫೀಸಿನ ಒಬ್ಬ ಇಲ್ಲೇ ಬೆಳೆದವ. ಅವನ ಕಾಲದಲ್ಲಿ ಪರದೆ ಸರಿದರೆ ಇಲಿ, ನಾಯಿ, ಕೋಳಿಯ ದೊಡ್ಡ ಗೊಂಬೆಗಳು ಕಣ್ಣು ಮಿಟುಕಿಸುತ್ತಾ ಹಾಡುತ್ತಿದ್ದವಂತೆ. ಗಾಳಿಯ ಒತ್ತಡದಲ್ಲಿ ಕೈಕಾಲು ಆಡುವುದಾದ್ದರಿಂದ ಹಾಡಿನ ನಡುವೆ ಟುಸ್ ಟುಸ್ ಸದ್ದು. ಆಗ ಮೆಷಿನಿಗೆ ಹಾಕುತ್ತಿದ್ದ ಟೋಕನ್ ಒಂದು ಈಗಲೂ ಅವನ ಬೀಗದ ಕೈ ಗೊಂಚಲಲ್ಲಿದೆ, ಅಂಚು ಸವೆದು ನುಣ್ಣಗಾಗಿದೆ. ಈಗ ಟೋಕನ್ ಹೋಗಿ ಕಾರ್ಡ್ ಬಂದಿದೆ, ಗೊಂಬೆಗಳನ್ನೂ ಹೆಚ್ಚಿನ ಕಡೆ ತೆಗೆದಿದ್ದಾರೆ. ಪಾಪ, ಮುಖ ಸಪ್ಪೆ ಮಾಡಿಕೊಂಡ.

ನಿನಗೆ ಚಿಕ್ಕಂದಿನಲ್ಲಿ ಏನಿತ್ತು ಎಂದು ಕೇಳಿದ. ಕುಂಬಳೆ ಬೆಡಿ, ಅಂದರೆ ದೇವಸ್ಥಾನದ ಜಾತ್ರೆಯ ಸಿಡಿಮದ್ದು, ಅಂದೆ. ಅಪ್ಪನ ಹೆಗಲ ಮೇಲೆ ಕೂತು, ಅವರ ಎರಡೂ ಕಿವಿ ಗಟ್ಟಿಯಾಗಿ ಹಿಡಿದು ನೋಡುತ್ತಿದ್ದೆ ಅಲ್ವಾ? ಹೇಳುತ್ತಿದ್ದಂತೆ ಮತ್ತೆ ಅವರ ಏದುಸಿರೇ ತಲೆಗೆ ಬಂತು.

ಈಗ ಕೇಳು. ಅಡಿಕೆ ಕೊಯ್ಲು ಮುಗಿಯಲಿ ಎಂಬ ಮಾತು ಬೇಡ. ನಾಳೆಯೇ ಭಾವನ ಕಾರಿನಲ್ಲಿ ಮಂಗಳೂರಿಗೆ ಹೋಗಿ ಹೃದಯದ ಡಾಕ್ಟರಿಗೆ ತೋರಿಸಿ. ತಲಪಾಡಿ ಗಡಿ ದಾಟಿದರೆ ಆಯಿತು. ಗ್ಯಾಸ್ ಅಂತ ಓಮದ ನೀರು ಕುಡಿದು ಕೂರಬಾರದು. ದುಡ್ಡು ಅಕ್ಕನ ಖಾತೆಗೆ ಹಾಕಿದ್ದೇನೆ, ಅಪ್ಪನಿಗೆ ಹೇಳಬೇಡ, ಲೆಕ್ಕ ಕೇಳುತ್ತಾರೆ. ಬೇಕಾದರೆ ನಾನೇ ಬರುತ್ತೇನೆ, ರಜೆ ಜಾಸ್ತಿ ಉಳಿದಿದೆ. ಹೆದರುವಂಥದ್ದು ಏನೂ ಇರಲಿಕ್ಕಿಲ್ಲ. ನನಗಂತೂ ಹೆದರಿಕೆ ಇಲ್ಲವೇ ಇಲ್ಲ. ಇಲ್ಲಿ ಊಟ, ನಿದ್ದೆ ಎಲ್ಲ ಸರಿಯಾಗಿ ನಡೆಯುತ್ತಿದೆ.

ಪುಟ್ಟಿಯ ಈಜಿಗೆ ಹೊತ್ತಾಯಿತು, ಕೆಳಗಿಂದ ಕರೆಯುತ್ತಿದ್ದಾರೆ. ಡಾಕ್ಟರ ಚೀಟಿಯ ಫೋಟೋ ಕೂಡಲೇ ಕಳಿಸಲು ಅಕ್ಕನಿಗೆ ಹೇಳು.

ಇತಿ,
ನಿನ್ನ ಮಗ