ಈ ವಾರ ಮಕ್ಕಳಿಗೆ ಆಟದ ಹಿಟ್ಟು
ಎಲ್ಲರಿಗೂ ನಮಸ್ಕಾರ. 2 ಲೋಟ ಮೈದಾ, 1 ಲೋಟ ಪುಡಿ ಉಪ್ಪು, ಸುಮಾರು 1 ಲೋಟ ನೀರು. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಕೈಗೆ ಅಂಟದ ಹಾಗೆ ನಾದಬೇಕು. ನಾದುವುದನ್ನೂ ಮಕ್ಕಳಿಗೇ ಬಿಡಿ, ಅರ್ಧ ಖುಷಿ ಅದರಲ್ಲೇ ಅಲ್ವಾ? ಬಾಚಣಿಗೆ ಒತ್ತಿದರೆ ಸಾಲು ಗೆರೆ ಬೀಳುತ್ತದೆ. ಎಲೆ ಒತ್ತಿ ತೆಗೆದರೆ ಅದರ ಸಣ್ಣ ನರಗಳೂ ಮೂಡುತ್ತವೆ. "ಇದೇನು?" ಅನ್ನುವ ಬದಲು "ಇದರ ಬಗ್ಗೆ ಹೇಳು" ಅನ್ನಿ, ಮಾತು ಜಾಸ್ತಿ ಬರುತ್ತದೆ. ನಾವು ತಿದ್ದಲು ಹೋಗುವುದು ಬೇಡ.

ಉಪ್ಪು ತುಂಬಾ ಇರುವುದರಿಂದ ತಿನ್ನದಂತೆ ಪಕ್ಕದಲ್ಲೇ ಕೂತಿರಿ. ಎಲ್ಲವನ್ನೂ ಬಾಯಿಗಿಡುವ ಪುಟಾಣಿಗಳಿಗೆ ಇದು ಬೇಡವೇ ಬೇಡ. ಅವರಿಗೆ ದೊಡ್ಡ ರಟ್ಟಿನ ಡಬ್ಬ ಕೊಡಿ, ಹೊಕ್ಕು ಹೊರಬರುತ್ತಾ ಆಡಲಿ. ಮಾಡಿದ್ದರ ಫೋಟೊ ಗುಂಪಿಗೆ ಹಾಕಿ. ಮಕ್ಕಳ ಮುಖ ಬೇಡ, ಕೈಕೆಲಸ ಸಾಕು.