ಚಿಮಣಿ ಅಂಕಿಯ ಜೊತೆ ಆಮ್ಲಜನಕವನ್ನೂ ತೋರಿಸಿ

ಮಾನ್ಯರೇ,

ಅತಿ ಹೆಚ್ಚು ಮಾಲಿನ್ಯ ಮಾಡುವ 17 ಬಗೆಯ ಕೈಗಾರಿಕೆಗಳು ಚಿಮಣಿ ಹೊಗೆಯ ನಿರಂತರ ಅಳತೆಯ ಉಪಕರಣ ಅಳವಡಿಸಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರ ಫೆಬ್ರುವರಿಯಲ್ಲೇ ಸೂಚಿಸಿತ್ತು. ಆ ಅಂಕಿಗಳು ರಾಜ್ಯ ಮಂಡಳಿಗಳ ಜಾಲತಾಣದಲ್ಲಿ ಜನರಿಗೆ ಕಾಣಬೇಕೆಂದು 2017ರ ಫೆಬ್ರುವರಿ 22ರಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ ವಿದ್ಯುತ್ ಸ್ಥಾವರ, ಸಿಮೆಂಟ್ ಕಾರ್ಖಾನೆಗಳ ಶಕ್ತಿನಗರ, ಕುಡಿತಿನಿ, ಸೇಡಂ, ವಾಡಿಯಂಥ ಊರುಗಳ ಜನರಿಗೆ ಬರೀ ಒಂದು ಅಂಕಿ ಕೊಟ್ಟರೆ ಅದರಿಂದ ಏನೂ ತಿಳಿಯುವುದಿಲ್ಲ.

ಒಂದು ಲೆಕ್ಕ ನೋಡಿ. 2004ರಿಂದ 2016ರ ನಡುವೆ ಸ್ಥಾಪಿಸಿದ ಕಲ್ಲಿದ್ದಲು ವಿದ್ಯುತ್ ಘಟಕಕ್ಕೆ ದೂಳಿನ ಮಿತಿ ಘನ ಮೀಟರಿಗೆ 50 ಮಿಲಿಗ್ರಾಂ. ಈ ಮಿತಿ 25 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ, ಶೇ 6 ಆಮ್ಲಜನಕದ ಲೆಕ್ಕದಲ್ಲಿದೆ. 130 ಡಿಗ್ರಿ ಬಿಸಿಯಿರುವ ಚಿಮಣಿಯೊಳಗೆ ಮಾಪಕ 35 ತೋರಿಸಿತು ಎನ್ನೋಣ. ಬಿಸಿಗೆ ಹಿಗ್ಗಿದ ಹೊಗೆಯನ್ನು 25 ಡಿಗ್ರಿಯ ಲೆಕ್ಕಕ್ಕೆ ತಂದರೆ ಅದು 47. ಗಾಳಿಯಲ್ಲಿ ಆಮ್ಲಜನಕ ಶೇ 21; ಹೊಗೆಯಲ್ಲಿ ಅದು ಶೇ 9 ಇದ್ದರೆ 15ನ್ನು (21ರಲ್ಲಿ 6 ಕಳೆದದ್ದು) 12ರಿಂದ (21ರಲ್ಲಿ 9 ಕಳೆದದ್ದು) ಭಾಗಿಸಿ, ಬಂದದ್ದರಿಂದ 47ನ್ನು ಗುಣಿಸಬೇಕು, ಆಗ 59. ಮಿತಿಯೊಳಗೆ ನಿಶ್ಚಿಂತೆಯಾಗಿ ಕಂಡದ್ದು ಮಿತಿ ದಾಟಿದೆ! ಹೊಗೆ ಸಾಗುವ ಡಕ್ಟ್‌ನ ತೂತುಗಳಿಂದ ಹೊರಗಿನ ಗಾಳಿ ಒಳನುಗ್ಗಿದಷ್ಟೂ ಹೊಗೆ ತೆಳುವಾಗುತ್ತದೆ, ಅಂಕಿ ಇಳಿಯುತ್ತದೆ. ಹೊರಬೀಳುವ ದೂಳು ಅಷ್ಟೇ ಇರುತ್ತದೆ. ಆಮ್ಲಜನಕದ ಸೆನ್ಸರ್ ಕೆಟ್ಟಾಗ ಸಾಫ್ಟ್‌ವೇರ್‌ಗೆ 6 ಎಂದು ಕೈಯಿಂದ ತುಂಬಿಬಿಟ್ಟರಂತೂ ಈ ತಿದ್ದುಪಡಿ ನಡೆಯುವುದೇ ಇಲ್ಲ.

ದೂಳಿನ ಮಾಪಕದ್ದು ಇನ್ನೂ ಸೂಕ್ಷ್ಮ ವಿಷಯ. ಬೆಳಕು ಚದುರುವುದನ್ನು ನೋಡುವ ಉಪಕರಣ ದೂಳನ್ನು ತೂಗುವುದಿಲ್ಲ; ಬೆಳಕಿನ ಸಂಕೇತವನ್ನು ಒಂದು ಗುಣಾಂಕದಿಂದ ಮಿಲಿಗ್ರಾಂಗೆ ಬದಲಾಯಿಸುತ್ತದೆ. ಕಲ್ಲಿದ್ದಲು ಬದಲಾದರೆ, ವಿದ್ಯುತ್ತಿನಿಂದ ದೂಳು ಹಿಡಿಯುವ ಇಎಸ್‌ಪಿ ಯಂತ್ರದ ಒಂದು ಭಾಗ (ಫೀಲ್ಡ್) ನಿಂತು ದಪ್ಪ ಕಣಗಳು ಹೊರಬಂದರೆ ಆ ಗುಣಾಂಕ ಸುಳ್ಳಾಗುತ್ತದೆ. ಅದಕ್ಕೇ ಫಿಲ್ಟರ್ ಕಾಗದದಲ್ಲಿ ದೂಳು ಹಿಡಿದು, ತೂಗಿ, ಬೇರೆ ಬೇರೆ ಲೋಡ್‌ಗಳಲ್ಲಿ (ಉತ್ಪಾದನೆಯ ಮಟ್ಟಗಳಲ್ಲಿ) ಮಾಪಕದ ಅಂಕಿಯೊಡನೆ ತಾಳೆ ನೋಡಬೇಕು. ಯುರೋಪಿನ ಇಎನ್ 14181 ಮಾನದಂಡ ಕನಿಷ್ಠ 3 ದಿನಗಳಲ್ಲಿ 15 ಜೋಡಿ ಅಳತೆ ಕೇಳುತ್ತದೆ. ಎಲ್ಲವೂ ಸರಿಯಿರುವ ಒಂದೇ ದಿನ ಪೂರ್ತಿ ಲೋಡ್‌ನಲ್ಲಿ ಮಾಡಿದ ತಾಳೆ, ಕೆಟ್ಟ ದಿನಕ್ಕೆ ಉಪಯೋಗಕ್ಕೆ ಬಾರದು.

ಇನ್ನು ಮಾಪಕ ತನ್ನ ಅಂಕಿಯನ್ನು ವಿದ್ಯುತ್ ಪ್ರವಾಹವಾಗಿ ಕಳಿಸುವ 4ರಿಂದ 20 ಮಿಲಿಆಂಪ್ ಸಂಕೇತ. 20ಕ್ಕೆ 100 ಮಿಲಿಗ್ರಾಂ ಎಂದು ಹೊಂದಿಸಿದ್ದರೆ, ದೂಳು 400ಕ್ಕೇರಿದರೂ ಸರ್ವರ್‌ಗೆ ಹೆಚ್ಚುಕಡಿಮೆ 100 ಎಂದೇ ಹೋಗುತ್ತದೆ. ಮಾಪಕದಿಂದ ನೇರ ಡಿಜಿಟಲ್ ಸಂಪರ್ಕ ಕೊಟ್ಟರೆ ಅಂಕಿಯ ಜೊತೆ ‘ದೋಷ’, ‘ನಿರ್ವಹಣೆ’, ‘ಕ್ಯಾಲಿಬ್ರೇಷನ್’ ಎಂಬ ಸ್ಥಿತಿಯೂ ಬರುತ್ತದೆ.

ಹೊಗೆಯನ್ನು ಹೊರಗೆಳೆದು ಅಳೆಯುವ ಉಪಕರಣಗಳಲ್ಲಿ ಮಾದರಿ ತರುವ ಕೊಳವೆ ಪೂರ್ತಿ ಬಿಸಿಯಾಗಿರಬೇಕು, ಸಾಮಾನ್ಯವಾಗಿ 180 ಡಿಗ್ರಿ. ನಡುವೆ ಒಂದಡಿ ತಣ್ಣಗಾದರೂ ನೀರು ಕಟ್ಟಿ, ಸಲ್ಫರ್ ಡೈಆಕ್ಸೈಡ್, ಹೈಡ್ರೋಜನ್ ಕ್ಲೋರೈಡ್ ಅದರಲ್ಲೇ ಕರಗುತ್ತವೆ. ತ್ಯಾಜ್ಯ ಸುಡುವ ಸಿಮೆಂಟ್ ಗೂಡುಗಳಲ್ಲಿ ಇದು ಸಣ್ಣ ವಿಷಯವಲ್ಲ.

ಆದ್ದರಿಂದ ಪ್ರತಿ 15 ನಿಮಿಷದ ಅಂಕಿಯ ಪಕ್ಕದಲ್ಲೇ ತಿದ್ದುಪಡಿಗೆ ಮುಂಚಿನ ಮೌಲ್ಯ, ಆಮ್ಲಜನಕ, ಉಷ್ಣಾಂಶ, ಮಾಪಕದ ಸ್ಥಿತಿ, ಕೊನೆಯ ತಾಳೆಯ ದಿನಾಂಕ ಮತ್ತು ಅಂದಿನ ಲೋಡ್ ಇವನ್ನು ರಾಜ್ಯ ಮಂಡಳಿ ಪ್ರಕಟಿಸಲಿ. ತಪಾಸಣೆಗೆ ಹೋದ ಅಧಿಕಾರಿಗಳು ಸಿಲಿಂಡರಿನ ಪರೀಕ್ಷಾ ಅನಿಲವನ್ನು (ಪ್ರಮಾಣ ಮೊದಲೇ ಗೊತ್ತಿರುವ ಅನಿಲ) ಅಳೆಯುವ ಅನಲೈಸರ್‌ಗೆ ನೇರವಾಗಿ ಬಿಡದೆ, ಚಿಮಣಿಯ ಮೇಲೆ ಹೊಗೆ ಎಳೆದುಕೊಳ್ಳುವ ಪ್ರೋಬ್‌ನಿಂದಲೇ ಬಿಡಲಿ. ಕೊಳವೆ ಸೋರುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ.

– ಹೊಗೆ ಅಳತೆಯ ತಂತ್ರಜ್ಞರು, ಬಳ್ಳಾರಿ